ಹದಿನೈದನೆಯ ಸರದಿ

ಅಥೆನ್ಸ್‌ಗೆ ಹೋದ ಪ್ರವಾಸಿಗರು ಅಕ್ರೊಪೊಲಿಸ್ ಗುಡ್ಡ ಹತ್ತುತ್ತಾರೆ, ಬಿಳಿ ಕಲ್ಲಿನ ಕಂಬಗಳ ಮುಂದೆ ಫೋಟೋ ತೆಗೆಸಿಕೊಳ್ಳುತ್ತಾರೆ. ಅದೇ ಊರಿನ ಸೆಪೊಲಿಯಾ ಎಂಬ ಬಡಾವಣೆಯ ಕಡೆಗೆ ಅವರು ತಲೆ ಹಾಕುವುದಿಲ್ಲ. ಅಲ್ಲಿರುವುದು ಒತ್ತೊತ್ತಾಗಿ ನಿಂತ ವಠಾರಗಳು, ವಲಸೆ ಬಂದವರ ಬಾಡಿಗೆ ಮನೆಗಳು, ಮಕ್ಕಳು ಆಡುವ ಒಂದೆರಡು ಸಿಮೆಂಟ್ ಅಂಕಣಗಳು. 2007ರಲ್ಲಿ ಸ್ಪೈರೋಸ್ ವೆಲ್ಲಿನಿಯಾಟಿಸ್ ಎಂಬ ಬ್ಯಾಸ್ಕೆಟ್‌ಬಾಲ್ ಕೋಚ್ ಇಂಥ ಬೀದಿಗಳಲ್ಲೇ ಆಟಗಾರರನ್ನು ಹುಡುಕುತ್ತಿದ್ದರು. ದೊಡ್ಡ ಕ್ಲಬ್ಬುಗಳು ಎಂದೂ ಬಾರದ ಜಾಗದಲ್ಲಿ ಯಾರ ಕಣ್ಣಿಗೂ ಬೀಳದ ಮಕ್ಕಳಿರುತ್ತಾರೆ ಎಂಬುದು ಅವರ ನಂಬಿಕೆ. ಒಂದು ದಿನ ಅಲ್ಲಿ ಓಡಿ ಆಡುತ್ತಿದ್ದ ಕರಿಯ ಹುಡುಗರ ಗುಂಪೊಂದು ಅವರ ಗಮನ ಸೆಳೆಯಿತು. ಮೂವರು ಅಣ್ಣತಮ್ಮಂದಿರು. ಅವರಲ್ಲಿ ನಡುವಿನವನಿಗೆ ಹನ್ನೆರಡು ವರ್ಷ, ಸಣಕಲು ಮೈ, ವಯಸ್ಸಿಗೆ ಮೀರಿದ ಉದ್ದದ ಕೈಕಾಲು. ಹೆಸರು ಯಾನಿಸ್.

ಯಾನಿಸ್ ಅಂಟೆಟೊಕೂಂಪೊ ಈ ಹೊತ್ತು ಬ್ಯಾಸ್ಕೆಟ್‌ಬಾಲ್ ಬಲ್ಲವರೆಲ್ಲರಿಗೂ ಗೊತ್ತಿರುವ ಹೆಸರು. ಎರಡು ಬಾರಿ ಅಮೆರಿಕದ ಎನ್‌ಬಿಎ ಲೀಗಿನ ಅತ್ಯುತ್ತಮ ಆಟಗಾರನಾದವನು, 2021ರಲ್ಲಿ ಮಿಲ್ವಾಕೀ ಬಕ್ಸ್ ತಂಡಕ್ಕೆ ಐವತ್ತು ವರ್ಷಗಳ ಬಳಿಕ ಕಿರೀಟ ತೊಡಿಸಿದವನು. ಅವನನ್ನು ಪತ್ತೆಹಚ್ಚಿದವರು ಯಾರು ಎಂದು ಕೇಳಿದರೆ ಹತ್ತು ಜನ ಕೈ ಎತ್ತಬಹುದು. ಕಂಡವರು ಬಹಳ ಮಂದಿ ಇದ್ದರು ಎನ್ನುವುದೇ ಈ ಕತೆಯಲ್ಲಿ ನನ್ನನ್ನು ಹಿಡಿದು ನಿಲ್ಲಿಸುವ ಸಂಗತಿ. ಕಂಡದ್ದಕ್ಕೆ ಹೊಣೆ ಹೊತ್ತವರು ಮಾತ್ರ ಬೆರಳೆಣಿಕೆಯಷ್ಟು.

ಹುಡುಗನ ತಂದೆ ಚಾರ್ಲ್ಸ್, ತಾಯಿ ವೆರೋನಿಕಾ. ಇಬ್ಬರೂ ನೈಜೀರಿಯಾದವರು, ತಂದೆ ಯೊರುಬಾ, ತಾಯಿ ಇಗ್ಬೊ. 1991ರಲ್ಲಿ ಹಿರಿಮಗ ಫ್ರಾನ್ಸಿಸ್‌ನನ್ನು ಅಜ್ಜ ಅಜ್ಜಿಯ ಬಳಿ ಬಿಟ್ಟು ಗ್ರೀಸ್‌ಗೆ ಬಂದರು. ಅಲ್ಲಿ ಥನಾಸಿಸ್, ಯಾನಿಸ್, ಕೋಸ್ಟಾಸ್, ಅಲೆಕ್ಸ್ ಎಂಬ ನಾಲ್ವರು ಹುಟ್ಟಿದರು. ಕಾಗದಪತ್ರವಿಲ್ಲದವರಿಗೆ ಸಿಗುವ ಕೆಲಸವೆಷ್ಟು? ಸಿಕ್ಕಿದ್ದನ್ನು ಮಾಡಿದರು. ಮಕ್ಕಳೂ ಬೀದಿಯಲ್ಲಿ ಕೈಗಡಿಯಾರ, ತಂಪು ಕನ್ನಡಕ, ಚೀಲ ಮಾರಿದರು. ಗ್ರೀಸ್‌ನಲ್ಲಿ ಹುಟ್ಟಿದ ಮಾತ್ರಕ್ಕೆ ಗ್ರೀಕ್ ಪ್ರಜೆಯಾಗುವುದಿಲ್ಲ. ನೈಜೀರಿಯಾದ ಕಾಗದವೂ ಅವರ ಬಳಿ ಇರಲಿಲ್ಲ. ಅಂದರೆ ಆ ಹುಡುಗರು ಗ್ರೀಕ್ ಶಾಲೆಗೆ ಹೋಗುತ್ತಾ, ಗ್ರೀಕ್ ಮಾತಾಡುತ್ತಾ, ಯಾವ ದೇಶಕ್ಕೂ ಸೇರದವರಾಗಿ ಬೆಳೆಯುತ್ತಿದ್ದರು.

ಅಂಥ ಮನೆಯ ಮಗನಿಗೆ ‘ಬಾ, ಬ್ಯಾಸ್ಕೆಟ್‌ಬಾಲ್ ಆಡು’ ಎಂದರೆ ಬರುವುದು ಹೇಗೆ? ತಂದೆ ಒಂದು ಕಾಲಕ್ಕೆ ಫುಟ್ಬಾಲ್ ಆಡಿದವರು. ಮಕ್ಕಳ ಒಲವೂ ಅತ್ತಲೇ. ಸಂಜೆ ಎರಡು ಗಂಟೆ ಅಭ್ಯಾಸಕ್ಕೆ ಹೋದರೆ ಆ ಎರಡು ಗಂಟೆಯ ವ್ಯಾಪಾರ ಹೋಯಿತು. ವೆಲ್ಲಿನಿಯಾಟಿಸ್ ಇದನ್ನು ಅರ್ಥಮಾಡಿಕೊಂಡರು. ತಂದೆತಾಯಿಗೆ ಕೆಲಸ ಹುಡುಕಿಕೊಡುತ್ತೇನೆ, ಮಕ್ಕಳನ್ನು ಆಟಕ್ಕೆ ಕಳಿಸಿ ಎಂದು ಆ ಮನೆಯವರ ಜತೆ ಮಾತಾಡಿದರು. ಆಮೇಲೆ ಹುಡುಗರನ್ನು ನಗರದ ಇನ್ನೊಂದು ತುದಿಯ ಜೋಗ್ರಾಫು ಎಂಬಲ್ಲಿದ್ದ ಫಿಲಾಥ್ಲಿಟಿಕೊಸ್ ಕ್ಲಬ್ಬಿಗೆ ಸೇರಿಸಿದರು. ಪ್ರತಿಭೆ ಶೋಧನೆ ಎನ್ನುವಾಗ ನಮ್ಮ ಕಣ್ಣ ಮುಂದೆ ಬರುವುದು ಗಡಿಯಾರ ಹಿಡಿದು ಓಟ ಅಳೆಯುವ ಮನುಷ್ಯ. ಇಲ್ಲಿ ನಡೆದದ್ದು ಬೇರೆ. ಒಬ್ಬ ಕೋಚ್ ಒಂದು ಮನೆಯ ಅಡುಗೆಯ ಲೆಕ್ಕವನ್ನು ತನ್ನ ಲೆಕ್ಕವೆಂದು ತಿಳಿದರು. ಹುಡುಗನ ಕಾಲಿನ ಉದ್ದ ಯಾರ ಕಣ್ಣಿಗಾದರೂ ಬೀಳುತ್ತಿತ್ತು. ಮನೆಯ ಹಸಿವನ್ನೂ ಜತೆಗೆ ಕಂಡವರು ಅವರು.

ಕ್ಲಬ್ಬಿನ ಅಂಕಣ ಸಣ್ಣದು, ಹಣವೂ ಅಷ್ಟಕ್ಕಷ್ಟೆ. ಅಣ್ಣತಮ್ಮಂದಿರ ನಡುವೆ ಒಂದೇ ಜೊತೆ ಶೂ ಇದ್ದ ದಿನಗಳಿದ್ದವು; ಒಬ್ಬನ ಪಂದ್ಯ ಮುಗಿದ ಮೇಲೆ ಇನ್ನೊಬ್ಬ ಅದನ್ನು ಹಾಕಿಕೊಂಡು ಇಳಿಯುತ್ತಿದ್ದ. ಒಂದು ಕಾಫಿ ಅಂಗಡಿಯವರು ಆ ಹುಡುಗರಿಗೆ ತಿಂಡಿ ಕೊಟ್ಟು ಕಳಿಸುತ್ತಿದ್ದರು. ಯಾನಿಸ್‌ಗೆ ಮೊದಮೊದಲು ಚೆಂಡು ಪುಟಿಸಲೂ ಸರಿಯಾಗಿ ಬರುತ್ತಿರಲಿಲ್ಲ.

ಕ್ಲಬ್ಬಿನ ಕೋಚ್ ಟಾಕಿಸ್ ಜಿವಾಸ್ ಇಲ್ಲಿ ಮಾಡಿದ ಕೆಲಸದ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳಬೇಕು. ಉದ್ದದ ಹುಡುಗ ಸಿಕ್ಕರೆ ಜಗತ್ತಿನ ಮುಕ್ಕಾಲುಪಾಲು ಕೋಚ್‌ಗಳು ಅವನನ್ನು ಬಾಸ್ಕೆಟ್ ಕೆಳಗೆ ನಿಲ್ಲಿಸುತ್ತಾರೆ: ಬೆನ್ನು ಕೊಟ್ಟು ನಿಲ್ಲು, ರೀಬೌಂಡ್ ಹಿಡಿ, ಚೆಂಡನ್ನು ಪುಟ್ಟ ಆಟಗಾರನಿಗೆ ಕೊಡು. ಸಣ್ಣ ಕ್ಲಬ್ಬಿಗೆ ಅದರಿಂದ ಮರುದಿನವೇ ಲಾಭ. ಜಿವಾಸ್ ಚೆಂಡನ್ನೇ ಯಾನಿಸ್ ಕೈಗೆ ಕೊಟ್ಟು, ಎದುರಾಳಿ ಅರ್ಧದವರೆಗೆ ನೀನೇ ತೆಗೆದುಕೊಂಡು ಹೋಗು, ಯಾರಿಗೆ ಪಾಸ್ ಕೊಡಬೇಕೆಂದು ನೀನೇ ನೋಡು ಎಂದು ಗಾರ್ಡ್ ಆಗಿ ಆಡಿಸಿದರು. ಹುಡುಗ ತಪ್ಪು ಮಾಡಿದ, ಚೆಂಡು ಕಳೆದುಕೊಂಡ, ಆದರೂ ಕಲಿತ. ಮೇಲೆ ಹೇಳಿದ ಹೊಣೆಯ ಮಾತು ಇಲ್ಲಿಗೂ ಸಲ್ಲುತ್ತದೆ, ಏಕೆಂದರೆ ಆ ತಪ್ಪುಗಳ ಬೆಲೆ ಕಟ್ಟಿದ್ದು ಜಿವಾಸ್ ತಂಡದ ಅಂಕಪಟ್ಟಿ. ಮುಂದೆ ಅಮೆರಿಕದವರು ಬಾಯಿ ಬಿಟ್ಟು ನೋಡಿದ ದೃಶ್ಯ, ಅಂದರೆ ಸುಮಾರು ಏಳಡಿ ಮನುಷ್ಯ ತಾನೇ ಚೆಂಡು ಪುಟಿಸುತ್ತಾ ಅಂಕಣದ ಉದ್ದಕ್ಕೂ ನಾಲ್ಕಾರು ದಾಪುಗಾಲಲ್ಲಿ ಸಾಗಿಬಿಡುವುದು, ತಯಾರಾದದ್ದು ಜೋಗ್ರಾಫುವಿನಲ್ಲಿ.

2011ರಲ್ಲಿ ಯಾನಿಸ್ ಹಿರಿಯರ ತಂಡಕ್ಕೆ ಬಂದ. ಆಗ ಆ ತಂಡ ಗ್ರೀಸ್‌ನ ಮೂರನೆಯ ದರ್ಜೆಯಲ್ಲಿತ್ತು. 2012–13ಕ್ಕೆ ಎರಡನೆಯ ದರ್ಜೆಗೆ ಏರಿತು. ಆ ಋತುವಿನಲ್ಲಿ ಅವನ ಸರಾಸರಿ ಪಂದ್ಯಕ್ಕೆ 9.5 ಅಂಕ, 5 ರೀಬೌಂಡ್. ಬರೀ ಅಂಕಿ ನೋಡಿದರೆ ಯಾರೂ ವಿಮಾನ ಹತ್ತುವುದಿಲ್ಲ. ಆದರೂ ಹತ್ತಿದರು. ಸ್ಪೇನ್‌ನ ಜಾರಗೋಜಾ ಕ್ಲಬ್ 2012ರ ಡಿಸೆಂಬರ್‌ನಲ್ಲಿ, ಹುಡುಗನಿಗೆ ಹದಿನೆಂಟು ತುಂಬಿದ ತಿಂಗಳಲ್ಲೇ, ಒಪ್ಪಂದ ಮಾಡಿಕೊಂಡಿತು. ಎನ್‌ಬಿಎ ಕರೆದರೆ ಪರಿಹಾರ ಕೊಟ್ಟು ಹೋಗಬಹುದೆಂಬ ಷರತ್ತು ಅದರಲ್ಲಿತ್ತು. 2013ರ ಮೊದಲ ತಿಂಗಳುಗಳಲ್ಲಿ ಜೋಗ್ರಾಫುವಿನ ಪುಟ್ಟ ಸಭಾಂಗಣದ ಬೆಂಚುಗಳ ಮೇಲೆ ಅಮೆರಿಕದ ತಂಡಗಳಿಗೆ ಆಟಗಾರರನ್ನು ಹುಡುಕುವ ಸ್ಕೌಟ್‌ಗಳು ಕಾಣಿಸಿಕೊಂಡರು. ಸ್ಕೌಟ್‌ಗಳ ಹಿಂದೆಯೇ ತಂಡಗಳ ಜನರಲ್ ಮ್ಯಾನೇಜರ್‌ಗಳು ಬಂದರು.

ಅವರಿಗೆ ಕಂಡದ್ದೇನು? ಆರಡಿ ಒಂಬತ್ತು ಇಂಚು ಎತ್ತರ, ಎರಡೂ ಕೈ ಚಾಚಿದರೆ ಏಳಡಿ ಮೂರು ಇಂಚಿನಷ್ಟು ಅಗಲ, ಚೆಂಡನ್ನು ಒಂದೇ ಅಂಗೈಯಲ್ಲಿ ಹಿಡಿಯುವ ಬೆರಳುಗಳು. ಇನ್ನೂ ಬೆಳೆಯುತ್ತಿರುವ ಮೈ. ತೂಕ ತೊಂಬತ್ತು ಕಿಲೋ ಆಸುಪಾಸು, ಅಂದರೆ ಎನ್‌ಬಿಎಯ ಭುಜಗಳ ನಡುವೆ ಹುಲ್ಲುಕಡ್ಡಿ. ದೂರದಿಂದ ಬುಟ್ಟಿಗೆ ಎಸೆಯುವ ಕೈ ಇನ್ನೂ ಕುದುರಿರಲಿಲ್ಲ. ಎದುರಾಳಿಗಳು ಎಂಥವರು? ಎರಡನೆಯ ದರ್ಜೆಯ ನಿಧಾನದ ಆಟಗಾರರು; ಅವರಲ್ಲಿ ಅನೇಕರಿಗೆ ಓಟದ ವಯಸ್ಸು ಮುಗಿದಿತ್ತು. ಅಂಥವರನ್ನು ದಾಟಿ ಹೋದರೆ ಲೆಬ್ರಾನ್ ಜೇಮ್ಸ್‌ನನ್ನು ದಾಟಬಲ್ಲ ಎಂದು ಹೇಗೆ ಹೇಳುವುದು? ಅಮೆರಿಕದ ಕಾಲೇಜು ಆಟಗಾರನಾದರೆ ನೂರು ಪಂದ್ಯದ ವಿಡಿಯೋ, ಸಮಬಲರ ಜತೆಗಿನ ಹೋಲಿಕೆ, ಎಲ್ಲ ಉಂಟು. ಇಲ್ಲಿ ಅಳತೆಗೋಲೇ ಇರಲಿಲ್ಲ.

ಡ್ರಾಫ್ಟ್ ಎಂಬ ಪದ್ಧತಿಯನ್ನು ಇಲ್ಲಿ ಚೂರು ಬಿಡಿಸಿ ಹೇಳಬೇಕು. ನಮ್ಮ ಐಪಿಎಲ್ ಹರಾಜಿನಲ್ಲಿ ಹೆಚ್ಚು ಹಣ ಕೂಗಿದವನಿಗೆ ಆಟಗಾರ. ಎನ್‌ಬಿಎಯಲ್ಲಿ ಹೊಸಬರನ್ನು ಕೊಳ್ಳುವಂತಿಲ್ಲ, ಸರದಿಯಂತೆ ಆರಿಸಬೇಕು. ಹಿಂದಿನ ಋತುವಿನಲ್ಲಿ ಹೆಚ್ಚು ಸೋತವರಿಗೆ ಮೊದಲಿನ ಸರದಿ. 1947ರಲ್ಲಿ ಶುರುವಾದ ಈ ಪದ್ಧತಿ ಹಲವು ರೂಪ ತಾಳಿದೆ. ಒಂದು ಕಾಲಕ್ಕೆ ಎರಡು ಕಡೆಯ ತಂಡಗಳ ನಡುವೆ ನಾಣ್ಯ ಚಿಮ್ಮಿ ಮೊದಲ ಸರದಿ ಯಾರದೆಂದು ತೀರ್ಮಾನಿಸುತ್ತಿದ್ದರು. 1969ರಲ್ಲಿ ಫೀನಿಕ್ಸ್ ಮತ್ತು ಮಿಲ್ವಾಕೀ ನಡುವೆ ಹಾಗೆ ನಾಣ್ಯ ಚಿಮ್ಮಿದಾಗ ಗೆದ್ದದ್ದು ಮಿಲ್ವಾಕೀ. ಆರಿಸಿದ್ದು ಲ್ಯೂ ಆಲ್ಸಿಂಡರ್ ಎಂಬ ದೈತ್ಯನನ್ನು. ಮುಂದೆ ಕರೀಂ ಅಬ್ದುಲ್ ಜಬ್ಬಾರ್ ಆದವನು ಅವನೇ. 1971ರಲ್ಲಿ ಮಿಲ್ವಾಕೀಗೆ ಕಿರೀಟ ಬಂತು, 1975ರಲ್ಲಿ ಕರೀಂ ತಾನೇ ಬೇಡಿಕೆಯಿಟ್ಟು ಲಾಸ್ ಏಂಜಲಿಸ್‌ಗೆ ಹೋದ. ಅಲ್ಲಿಂದಾಚೆಗೆ ಆ ಊರಿನಲ್ಲಿ ಒಂದು ಅಳುಕು ಉಳಿದುಕೊಂಡಿತು: ನಮ್ಮದು ಚಳಿಯ ಸಣ್ಣ ಊರು, ದೊಡ್ಡ ಆಟಗಾರರು ಇಲ್ಲಿಗೆ ತಾವಾಗಿ ಬರುವುದಿಲ್ಲ, ಬಂದರೂ ನಿಲ್ಲುವುದಿಲ್ಲ.

1985ರಲ್ಲಿ ನಾಣ್ಯದ ಜಾಗಕ್ಕೆ ಲಾಟರಿ ಬಂತು. 2013ರಲ್ಲಿ ಪ್ಲೇಆಫ್ ತಲುಪದ ಹದಿನಾಲ್ಕು ತಂಡಗಳು ಆ ಲಾಟರಿಯಲ್ಲಿದ್ದವು. ಮಿಲ್ವಾಕೀ 38 ಗೆದ್ದು 44 ಸೋತು ಹೇಗೋ ಎಂಟನೆಯ ಸ್ಥಾನದಲ್ಲಿ ಪ್ಲೇಆಫ್‌ಗೆ ನುಸುಳಿತ್ತು, ಮೊದಲ ಸುತ್ತಿನಲ್ಲೇ ಮಯಾಮಿಯ ಕೈಲಿ ನಾಲ್ಕಕ್ಕೆ ನಾಲ್ಕೂ ಸೋತಿತ್ತು. ಹಾಗಾಗಿ ಅವರ ಸರದಿ ಹದಿನೈದನೆಯದು. ಬ್ಯಾಸ್ಕೆಟ್‌ಬಾಲ್‌ನಲ್ಲಿ ಇದಕ್ಕಿಂತ ಇಕ್ಕಟ್ಟಿನ ಜಾಗವಿಲ್ಲ. ತೀರಾ ಕೆಳಗಿದ್ದರೆ ಒಳ್ಳೆಯ ಹುಡುಗ ಸಿಗುತ್ತಾನೆ, ತೀರಾ ಮೇಲಿದ್ದರೆ ಹುಡುಗ ಬೇಕಿಲ್ಲ. ನಡುವೆ ಸಿಕ್ಕಿಕೊಂಡವರು ವರ್ಷ ವರ್ಷವೂ ಸುಮಾರಾದ ಆಟಗಾರನನ್ನು ಆರಿಸಿ ಸುಮಾರಾಗಿಯೇ ಉಳಿಯುತ್ತಾರೆ.

ಡ್ರಾಫ್ಟ್‌ಗೆ ಮುನ್ನ ಪ್ರತಿ ತಂಡದ ಕಚೇರಿಯಲ್ಲೂ ಒಂದು ಕೋಣೆ ಯುದ್ಧಭೂಮಿಯಾಗುತ್ತದೆ. ಗೋಡೆಯ ಮೇಲೆ ಹೆಸರುಗಳ ದೊಡ್ಡ ಪಟ್ಟಿ. ಜನರಲ್ ಮ್ಯಾನೇಜರ್, ಸ್ಕೌಟ್‌ಗಳು, ಕೋಚ್, ವೈದ್ಯ, ಸಂಬಳದ ಲೆಕ್ಕ ನೋಡುವವರು, ಕೊನೆಗೆ ಮಾಲೀಕ. ಸ್ಕೌಟ್ ಹೇಳುತ್ತಾನೆ: ಈ ಹುಡುಗ ಐದು ವರ್ಷಕ್ಕೆ ಎಲ್ಲರನ್ನೂ ಮೀರಿಸುತ್ತಾನೆ. ಕೋಚ್ ಕೇಳುತ್ತಾನೆ: ನವೆಂಬರ್‌ನಲ್ಲಿ ನನ್ನ ಕೆಲಸ ಉಳಿಸುವವನು ಯಾರು? ಹೊರಗಿನಿಂದ ನೋಡಿದವರಿಗೆ ಇದು ಯಾರು ಚೆನ್ನಾಗಿ ಆಡುತ್ತಾನೆ ಎಂಬ ವಾದದಂತೆ ಕಾಣುತ್ತದೆ. ಒಳಗೆ ನಡೆಯುವ ವಾದ ಎಷ್ಟು ವರ್ಷ ಕಾಯಬಲ್ಲೆವು ಎಂಬುದು. ಮೊದಲ ಸುತ್ತಿನಲ್ಲಿ ಆರಿಸಿದವನಿಗೆ ಎರಡು ವರ್ಷದ ಸಂಬಳ ಖಚಿತ. ಮೂರು ಮತ್ತು ನಾಲ್ಕನೆಯ ವರ್ಷ ತಂಡದ ಇಷ್ಟ. ಹತ್ತೊಂಬತ್ತು ತುಂಬದ ಹುಡುಗ ನಾಲ್ಕು ವರ್ಷ ಕಲಿತು, ಐದನೆಯ ವರ್ಷ ಬೇರೆ ಊರಿಗೆ ಹೋದರೆ ಸಾಕಿದವರಿಗೆ ಸಿಕ್ಕಿದ್ದೇನು? ಈ ಪ್ರಶ್ನೆ ಎಲ್ಲ ಕೋಣೆಗಳಲ್ಲೂ ಇತ್ತು.

ಡಲ್ಲಾಸ್‌ನ ಕೋಣೆಯಲ್ಲಿ ನಡೆದ ವಾದ ಆಮೇಲೆ ಬಹಿರಂಗವಾಗಿಯೇ ಹೊರಬಂತು. ಡಲ್ಲಾಸ್ ಮ್ಯಾವರಿಕ್ಸ್‌ಗೆ ಹದಿಮೂರನೆಯ ಸರದಿ ಇತ್ತು, ಮಿಲ್ವಾಕೀಗಿಂತ ಎರಡು ಮುಂಚೆ. ಆಟಗಾರರ ಆಯ್ಕೆ ನೋಡುತ್ತಿದ್ದ ಡಾನಿ ನೆಲ್ಸನ್ ಗ್ರೀಸ್‌ನ ಹುಡುಗನೇ ಬೇಕೆಂದರು. ಈ ಮನುಷ್ಯ ಯಾರೋ ಅಲ್ಲ. 1998ರಲ್ಲಿ ಜರ್ಮನಿಯ ಎರಡನೆಯ ದರ್ಜೆಯ ವುರ್ಜ್‌ಬರ್ಗ್ ತಂಡದಲ್ಲಿ ಆಡುತ್ತಿದ್ದ ಡರ್ಕ್ ನೊವಿಟ್ಸ್ಕಿ ಎಂಬ ಉದ್ದದ ಹುಡುಗನನ್ನು ಡಲ್ಲಾಸ್‌ಗೆ ತಂದವರಲ್ಲಿ ತಂದೆ ಡಾನ್ ನೆಲ್ಸನ್ ಜತೆ ಇವರೂ ಒಬ್ಬರು. ಅಂದು ಒಂಬತ್ತನೆಯ ಸರದಿಯಲ್ಲಿ ಡರ್ಕ್ ಹೆಸರು ಹೇಳಿ, ರಾಬರ್ಟ್ ಟ್ರೇಲರ್ ಎಂಬ ಆಟಗಾರನಿಗೆ ಬದಲಾಗಿ ಡಲ್ಲಾಸ್‌ಗೆ ಒಪ್ಪಿಸಿದ ತಂಡ ಮಿಲ್ವಾಕೀ. ಡರ್ಕ್ ಮೊದಲ ವರ್ಷ ಪಂದ್ಯಕ್ಕೆ ಎಂಟು ಅಂಕ ಗಳಿಸಲು ಒದ್ದಾಡಿದ, 2007ರಲ್ಲಿ ಅತ್ಯುತ್ತಮ ಆಟಗಾರನಾದ, 2011ರಲ್ಲಿ ಡಲ್ಲಾಸ್‌ಗೆ ಕಿರೀಟ ತಂದ, ಇಪ್ಪತ್ತೊಂದು ಋತು ಅದೇ ಊರಿನಲ್ಲಿ ಆಡಿದ. ಎರಡನೆಯ ದರ್ಜೆಯಲ್ಲಿ ಆಡುವ ಐರೋಪ್ಯ ಹುಡುಗನಿಗಾಗಿ ಕಾದರೆ ಏನಾಗುತ್ತದೆ ಎಂಬುದನ್ನು ಡಲ್ಲಾಸ್‌ಗಿಂತ ಚೆನ್ನಾಗಿ ತಿಳಿದ ತಂಡ ಇನ್ನೊಂದಿರಲಿಲ್ಲ.

ಆದರೆ 2013ರ ಹೊತ್ತಿಗೆ ಅದೇ ಡರ್ಕ್‌ಗೆ ಮೂವತ್ತೈದು. ಅವನ ಕೊನೆಯ ಒಳ್ಳೆಯ ವರ್ಷಗಳನ್ನು ಹಾಳುಮಾಡಬಾರದು, ಪಕ್ಕದಲ್ಲಿ ಒಬ್ಬ ತಾರೆ ಬೇಕು ಎಂಬುದು ಮಾಲೀಕ ಮಾರ್ಕ್ ಕ್ಯೂಬನ್ ಆಸೆ. ಆ ಬೇಸಗೆಯಲ್ಲಿ ಡ್ವೈಟ್ ಹೊವರ್ಡ್ ಎಂಬ ತಾರೆಯ ಒಪ್ಪಂದ ಮುಗಿದಿತ್ತು. ಅವನಿಗೆ ಕೊಡಲು ಸಂಬಳದ ಮಿತಿಯೊಳಗೆ ಜಾಗ ಉಳಿಸಬೇಕಿತ್ತು. ಡ್ರಾಫ್ಟ್‌ನಲ್ಲಿ ಮೇಲೆ ಆರಿಸಿದಷ್ಟೂ ಸಂಬಳ ಹೆಚ್ಚು. ಹಾಗಾಗಿ ಡಲ್ಲಾಸ್ ಹದಿಮೂರನೆಯ ಸರದಿಯನ್ನು ಬಾಸ್ಟನ್‌ಗೆ ಕೊಟ್ಟು ಹದಿನಾರಕ್ಕೆ ಇಳಿಯಿತು, ಅಲ್ಲಿಂದ ಅಟ್ಲಾಂಟಾ ಜತೆ ಮಾತಾಡಿ ಹದಿನೆಂಟಕ್ಕೆ ಇಳಿದು ಶೇನ್ ಲಾರ್ಕಿನ್‌ನನ್ನು ತೆಗೆದುಕೊಂಡಿತು. ಹೊವರ್ಡ್ ಜುಲೈಯಲ್ಲಿ ಹ್ಯೂಸ್ಟನ್ ಸೇರಿದ. ಕ್ಯೂಬನ್ ಆಮೇಲೆ ಈ ಲೆಕ್ಕಾಚಾರವನ್ನು ಮುಚ್ಚಿಡಲಿಲ್ಲ. ಅವರ ಆಸೆ ಕೆಟ್ಟದಾಗಿರಲಿಲ್ಲ. ಹದಿನೈದು ವರ್ಷ ದುಡಿದವನಿಗೆ ನಿಷ್ಠರಾಗಿರಬೇಕೆಂಬುದು ಯಾವ ಲೆಕ್ಕದಲ್ಲೂ ಒಳ್ಳೆಯ ಗುಣವೇ.

ಇದೇ ಡಾನಿ ನೆಲ್ಸನ್ ಇದ್ದ ಡಲ್ಲಾಸ್ 2015ರಲ್ಲಿ ಪಂಜಾಬಿನ ಬಲ್ಲೊ ಕೆ ಹಳ್ಳಿಯ ಸತ್ನಾಮ್ ಸಿಂಗ್‌ನನ್ನು 52ನೆಯ ಸರದಿಯಲ್ಲಿ ಆರಿಸಿತು. ಎನ್‌ಬಿಎ ಡ್ರಾಫ್ಟ್‌ನಲ್ಲಿ ಆಯ್ಕೆಯಾದ ಮೊದಲ ಭಾರತೀಯ. ಲೂಧಿಯಾನದ ಅಕಾಡೆಮಿಯಲ್ಲಿ ಕಲಿತು ಫ್ಲಾರಿಡಾದಲ್ಲಿ ಬೆಳೆದ ಏಳಡಿ ಎರಡು ಇಂಚಿನ ಆ ಹುಡುಗ ಮ್ಯಾವರಿಕ್ಸ್‌ನ ಕಿರಿಯ ತಂಡದಲ್ಲಿ ಆಡಿದ, ಎನ್‌ಬಿಎ ಪಂದ್ಯ ಆಡುವ ಅವಕಾಶ ಬರಲಿಲ್ಲ. ಎರಡನೆಯ ಸುತ್ತಿನ ಆಯ್ಕೆಗೆ ಖಚಿತ ಸಂಬಳವಿಲ್ಲ. ಕೈಬಿಟ್ಟರೆ ತಂಡಕ್ಕೆ ನಷ್ಟವಿಲ್ಲ. ಭಾರತದ ಬ್ಯಾಸ್ಕೆಟ್‌ಬಾಲ್ ಪ್ರೇಮಿಗಳು ಅಂದು ಎಷ್ಟು ಸಂಭ್ರಮಿಸಿದರು ಎಂದು ನೆನೆದರೆ ನನಗೆ ಈಗಲೂ ಮನಸ್ಸು ಭಾರವಾಗುತ್ತದೆ. ಗುರುತಿಸಿ ಹೆಸರು ಕೂಗುವುದಕ್ಕೂ ಕೂರಿಸಿ ಬೆಳೆಸುವುದಕ್ಕೂ ನಡುವಿನ ಅಂತರ ಅಷ್ಟು ದೊಡ್ಡದು.

ಮಿಲ್ವಾಕೀಯ ಜನರಲ್ ಮ್ಯಾನೇಜರ್ ಜಾನ್ ಹ್ಯಾಮಂಡ್. ಇವರ ಹಿನ್ನೆಲೆಯಲ್ಲಿ ಒಂದು ಗಾಯವಿದೆ. 2003ರಲ್ಲಿ ಅವರು ಡೆಟ್ರಾಯಿಟ್ ತಂಡದ ಆಡಳಿತದಲ್ಲಿದ್ದರು. ಆ ವರ್ಷ ಡೆಟ್ರಾಯಿಟ್ ಎರಡನೆಯ ಸರದಿಯಲ್ಲಿ ಸೆರ್ಬಿಯಾದ ಹದಿನೆಂಟರ ಹುಡುಗ ಡಾರ್ಕೊ ಮಿಲಿಚಿಚ್‌ನನ್ನು ಆರಿಸಿತು. ಅವನ ಹಿಂದೆ ಉಳಿದವರು ಕಾರ್ಮೆಲೊ ಆಂಥೊನಿ, ಕ್ರಿಸ್ ಬಾಶ್, ಡ್ವೇನ್ ವೇಡ್. ತಂಡ ಆಗಲೇ ಗಟ್ಟಿಯಾಗಿತ್ತು, ಮರುವರ್ಷವೇ ಕಿರೀಟ ಗೆದ್ದಿತು; ಬೆಂಚಿನ ಮೇಲೆ ಕುಳಿತ ಮಿಲಿಚಿಚ್ ಬೆಳೆಯಲೇ ಇಲ್ಲ. ಅಂಥದ್ದನ್ನು ಹತ್ತಿರದಿಂದ ಕಂಡ ಅಧಿಕಾರಿ ಇನ್ನೊಮ್ಮೆ ಯುರೋಪಿನ ಎಳೆಯ ಹುಡುಗನ ಹೆಸರು ಹೇಳುವುದಕ್ಕೆ ಎಂಟೆದೆ ಬೇಕು. ಹ್ಯಾಮಂಡ್ ಆ ಅನುಭವದಿಂದ ವಿದೇಶಿ ಹುಡುಗರ ಭಯ ಕಲಿಯಲಿಲ್ಲ ಎನ್ನುವುದೇ ದೊಡ್ಡದು. ಅದರಿಂದ ಕಲಿಯಬೇಕಾದ ಪಾಠ ಬೇರೆ: ಎಳೆಯನನ್ನು ಆರಿಸಿದರೆ ಅವನಿಗೆ ಆಟದ ನಿಮಿಷಗಳು ಸಿಗಬೇಕು. ಬಕ್ಸ್‌ನಲ್ಲಿ ನಿಮಿಷಗಳಿಗೆ ಬರವಿರಲಿಲ್ಲ.

ಲೆಕ್ಕವೂ ಅವರ ಕಡೆಗಿತ್ತು ಎನ್ನುತ್ತೇನೆ. ಆ ವರ್ಷದ ಹೊಸಬರಲ್ಲಿ ಎದ್ದು ಕಾಣುವವರು ಯಾರೂ ಇಲ್ಲ ಎಂಬುದು ಎಲ್ಲರ ಮಾತಾಗಿತ್ತು. ಮೊದಲಿಗನಾಗಬಹುದಾಗಿದ್ದ ನರ್ಲೆನ್ಸ್ ನೊಯೆಲ್ ಫೆಬ್ರವರಿಯಲ್ಲಿ ಮಂಡಿಯ ಅಸ್ಥಿರಜ್ಜು ಹರಿದುಕೊಂಡಿದ್ದ. ಹದಿನೈದರಲ್ಲಿ ಸುರಕ್ಷಿತ ಆಯ್ಕೆ ಎಂದರೆ ಪಂದ್ಯಕ್ಕೆ ಎಂಟು ಅಂಕದ ಸಾಧಾರಣ ಆಟಗಾರ. ಅವನು ಬಂದರೂ ಮಿಲ್ವಾಕೀ ಎಂಟನೆಯ ಸ್ಥಾನದಲ್ಲೇ. ತಾರೆಯನ್ನು ಕೊಂಡು ತರಲು ಆಗದ ಊರಿಗೆ, ಲಾಟರಿಯಲ್ಲೂ ಇಲ್ಲದ ತಂಡಕ್ಕೆ, ತಾರೆ ಸಿಗುವ ದಾರಿ ಒಂದೇ: ಇತರರು ಕಾಯಲು ಹೆದರುವ ಹುಡುಗ. ಧೈರ್ಯ ಎಂದು ನಾವು ಹೊಗಳುವುದರಲ್ಲಿ ಅರ್ಧಪಾಲು ಈ ಬಿಡಿಸಲಾಗದ ಇಕ್ಕಟ್ಟು.

ಇಷ್ಟೆಲ್ಲ ವಾದ ನಡೆಯುವಾಗ ಹುಡುಗನ ಬಳಿ ಪಾಸ್‌ಪೋರ್ಟೇ ಇರಲಿಲ್ಲ. ಗ್ರೀಸ್ ಆಗ ಆರ್ಥಿಕ ಕುಸಿತದ ನಡುವೆ ಇತ್ತು. ವಲಸಿಗರನ್ನು ಓಡಿಸಬೇಕೆನ್ನುವ ಗೋಲ್ಡನ್ ಡಾನ್ ಪಕ್ಷ 2012ರಲ್ಲಿ ಸಂಸತ್ತಿಗೆ ಬಂದಿತ್ತು. ಅಥೆನ್ಸ್‌ನ ಬಡ ಬಡಾವಣೆಗಳಲ್ಲಿ ಕತ್ತಲಾದ ಮೇಲೆ ಕರಿಯರು ಹೆದರಿ ನಡೆಯುತ್ತಿದ್ದರು. 2013ರ ಮೇ 9ರಂದು ಯಾನಿಸ್‌ಗೆ ಗ್ರೀಕ್ ಪೌರತ್ವ ಸಿಕ್ಕಿತು. ಡ್ರಾಫ್ಟ್‌ಗೆ ಏಳು ವಾರ ಬಾಕಿ.

ಜೂನ್ 27, ಬ್ರೂಕ್ಲಿನ್‌ನ ಬಾರ್‌ಕ್ಲೇಸ್ ಸೆಂಟರ್. ಕಮಿಷನರ್ ಡೇವಿಡ್ ಸ್ಟರ್ನ್ ಅವರಿಗೆ ಅದು ಕೊನೆಯ ಡ್ರಾಫ್ಟ್. ಮೊದಲ ಹೆಸರೇ ಸಭೆಯನ್ನು ಬೆರಗಾಗಿಸಿತು: ಕ್ಲೀವ್‌ಲ್ಯಾಂಡ್ ಆಂಥೊನಿ ಬೆನೆಟ್‌ನನ್ನು ಆರಿಸಿತು. ಆಮೇಲೆ ಒಲಾಡಿಪೊ, ಪೋರ್ಟರ್, ಜೆಲ್ಲರ್. ಹತ್ತರಲ್ಲಿ ಮೆಕಾಲಮ್, ಹನ್ನೊಂದರಲ್ಲಿ ಫಿಲಡೆಲ್ಫಿಯಾಗೆ ಮೈಕೆಲ್ ಕಾರ್ಟರ್ ವಿಲಿಯಮ್ಸ್. ಹದಿಮೂರರಲ್ಲಿ ಬಾಸ್ಟನ್‌ಗಾಗಿ ಕೆಲ್ಲಿ ಒಲಿನಿಕ್. ಹದಿನಾಲ್ಕರಲ್ಲಿ ಶಬಾಜ್ ಮುಹಮ್ಮದ್. ಹದಿನೇಳು, ಹದಿನೆಂಟು ಹಿಡಿದು ಕುಳಿತಿದ್ದ ಅಟ್ಲಾಂಟಾಗೆ ಗ್ರೀಕ್ ಹುಡುಗನ ಮೇಲೆ ಬಹಳ ಆಸೆ ಇತ್ತು. ಇನ್ನೆರಡು ಹೆಸರು ದಾಟಿದ್ದರೆ ಕತೆ ಬೇರೆಯಾಗುತ್ತಿತ್ತು. ಹದಿನೈದರಲ್ಲಿ ಸ್ಟರ್ನ್ ಮಿಲ್ವಾಕೀ ಹೆಸರು ಹೇಳಿ, ಆ ಉದ್ದನೆಯ ಹೆಸರನ್ನು ಓದಿದರು. ಪ್ರೇಕ್ಷಕರ ನಡುವೆ ಅಣ್ಣ ಥನಾಸಿಸ್ ಗ್ರೀಸ್‌ನ ಧ್ವಜ ಹಿಡಿದು ಬೀಸಿದ. ಹುಟ್ಟಿನಿಂದ ತಮ್ಮನ್ನು ಪ್ರಜೆಯೆಂದು ಒಪ್ಪದ ದೇಶದ ಧ್ವಜವನ್ನು ಅಷ್ಟು ಪ್ರೀತಿಯಿಂದ ಬೀಸಿದ ಆ ಕೈಗಳನ್ನು ನಾನು ಮರೆಯಲಾರೆ.

ಮೊದಲ ಋತುವಿನಲ್ಲಿ ಬಕ್ಸ್ 15 ಗೆದ್ದು 67 ಸೋತರು; ಇಡೀ ಲೀಗ್‌ನಲ್ಲೇ ಕಡೆಯ ಸ್ಥಾನ. ಯಾನಿಸ್ 77 ಪಂದ್ಯ ಆಡಿದ, ಸರಾಸರಿ 6.8 ಅಂಕ. ಸೋಲು ಸಂಗಡವೇ ಇದ್ದರೂ ಅವನನ್ನು ಬೆಂಚಿಗೆ ತಳ್ಳಲಿಲ್ಲ, ಯುರೋಪಿಗೆ ವಾಪಸು ಕಳಿಸಲಿಲ್ಲ. ಆ ಚಳಿಗಾಲದಲ್ಲಿ ಒಂದು ದಿನ ಸಂಬಳವನ್ನೆಲ್ಲ ಮನೆಗೆ ಕಳಿಸಿ, ಟ್ಯಾಕ್ಸಿಗೆ ದುಡ್ಡಿಲ್ಲದೆ ಕ್ರೀಡಾಂಗಣದ ಕಡೆಗೆ ಓಡತೊಡಗಿದ. ದಾರಿಯಲ್ಲಿ ಗುರುತು ಹಿಡಿದ ದಂಪತಿ ಕಾರಿನಲ್ಲಿ ಕರೆದೊಯ್ದು ಬಿಟ್ಟರು. ತಂದೆತಾಯಿಗೆ ಅಮೆರಿಕದ ವೀಸಾ ಮೊದಲು ಸಿಗಲಿಲ್ಲ, 2014ರಲ್ಲಿ ಸಿಕ್ಕಿತು. ಮನೆಮಂದಿ ಬಂದ ಮೇಲೆಯೇ ಮಿಲ್ವಾಕೀ ಅವನಿಗೆ ಊರಾದದ್ದು.

ನಡುವೆ ಅವನು ಇನ್ನೆರಡು ಇಂಚು ಬೆಳೆದ. 2016ರಲ್ಲಿ ಕೋಚ್ ಜೇಸನ್ ಕಿಡ್ ತಂಡದ ಚೆಂಡನ್ನು ಅವನ ಕೈಗೆ ಕೊಟ್ಟು ಆಟ ನಡೆಸು ಎಂದರು. ಆ ಜಾಗದಲ್ಲಿ ಅಲ್ಲಿಯವರೆಗೆ ಇದ್ದವನು ಹನ್ನೊಂದನೆಯ ಸರದಿಯ ಕಾರ್ಟರ್ ವಿಲಿಯಮ್ಸ್. ಮೊದಲ ಋತುವಿನಲ್ಲೇ ಅತ್ಯುತ್ತಮ ಹೊಸಬನೆಂದು ಪ್ರಶಸ್ತಿ ಪಡೆದು, ಆಮೇಲೆ ಮಿಲ್ವಾಕೀಗೆ ಬಂದವನು. ಎನ್‌ಬಿಎ ಹೊಸತೆಂದು ಕೊಂಡಾಡಿದ ಈ ಪ್ರಯೋಗ ಜಿವಾಸ್ ಕೆಲವು ವರ್ಷ ಮುಂಚೆಯೇ ಮಾಡಿ ಮುಗಿಸಿದ್ದು. 2018ರಲ್ಲಿ ಕೋಚ್ ಆಗಿ ಬಂದ ಮೈಕ್ ಬುಡನ್‌ಹೋಲ್ಜರ್ 2013ರ ಡ್ರಾಫ್ಟ್‌ಗೆ ಒಂದು ತಿಂಗಳ ಮುಂಚೆ ಅಟ್ಲಾಂಟಾದ ಕೋಚ್ ಆಗಿ ನೇಮಕಗೊಂಡವರು. ಎರಡು ಸರದಿಯಿಂದ ತಪ್ಪಿಹೋದ ಹುಡುಗ ಐದು ವರ್ಷದ ಮೇಲೆ ಅವರ ಕೈಗೆ ಸಿಕ್ಕಿದ. 2019, 2020ರಲ್ಲಿ ಅತ್ಯುತ್ತಮ ಆಟಗಾರ ಪ್ರಶಸ್ತಿ. 2020ರ ಡಿಸೆಂಬರ್‌ನಲ್ಲಿ ಬೇರೆ ಊರಿಗೆ ಹೋಗುತ್ತಾನೆಂದು ಎಲ್ಲರೂ ಕಾದಿದ್ದಾಗ ಮತ್ತೆ ಐದು ವರ್ಷಕ್ಕೆ ಮಿಲ್ವಾಕೀಗೇ ಸಹಿ ಹಾಕಿದ. 2021ರ ಜುಲೈ 20ರಂದು ಫೀನಿಕ್ಸ್ ವಿರುದ್ಧ, ಹೌದು, 1969ರಲ್ಲಿ ನಾಣ್ಯ ಸೋತ ಅದೇ ಫೀನಿಕ್ಸ್ ವಿರುದ್ಧ, ಅವನು 50 ಅಂಕ ಗಳಿಸಿದ. 105–98. ಫ್ರೀ ಥ್ರೋ ಎಸೆಯಲು ಬಾರದೆಂದು ಎದುರಾಳಿ ಪ್ರೇಕ್ಷಕರು ಅಣಕಿಸುತ್ತಿದ್ದವನು ಆ ರಾತ್ರಿ 19ರಲ್ಲಿ 17 ಹಾಕಿದ. ತಂದೆ ಚಾರ್ಲ್ಸ್ ಅದನ್ನು ನೋಡಲು ಇರಲಿಲ್ಲ, 2017ರಲ್ಲೇ ತೀರಿಕೊಂಡಿದ್ದರು.

2013ರ ಮೊದಲ ಆಯ್ಕೆ ಬೆನೆಟ್ ನಾಲ್ಕು ಋತುಗಳಲ್ಲಿ ಎನ್‌ಬಿಎ ಬಿಟ್ಟ. ಅವನನ್ನು ಆರಿಸಿದವರನ್ನು ಮೂರ್ಖರೆನ್ನುವುದು ಈಗ ಸುಲಭ, ಆದರೆ ಅನ್ಯಾಯ. ಮಿಲ್ವಾಕೀಗಿಂತ ಮುಂಚೆ ಸರದಿ ಇದ್ದ ತಂಡಗಳ ಕೋಣೆಗಳಲ್ಲಿ ಕುಳಿತಿದ್ದವರಿಗೆಲ್ಲ ಕಣ್ಣಿತ್ತು, ಅದೇ ವಿಡಿಯೋ ಇತ್ತು. ಡಲ್ಲಾಸ್‌ಗೆ ಅನುಭವವೂ ಇತ್ತು. ಅವರಲ್ಲಿ ಇಲ್ಲದಿದ್ದದ್ದು ಬಿಡುವು. ಹ್ಯಾಮಂಡ್‌ಗೆ ಸಲ್ಲಬೇಕಾದ ಹೊಗಳಿಕೆ ಆ ರಾತ್ರಿ ಹೆಸರು ಹೇಳಿದ್ದಕ್ಕಿಂತ ಮುಂದಿನ 67 ಸೋಲುಗಳ ನಡುವೆಯೂ ಆ ಹುಡುಗನನ್ನು ಅಂಕಣದ ಮೇಲೆ ಉಳಿಸಿದ ತಂಡ ಕಟ್ಟಿದ್ದಕ್ಕೆ ಎಂದು ನನ್ನ ಅಭಿಪ್ರಾಯ.

ಹೊಣೆಯ ಪಟ್ಟಿಯಲ್ಲಿ ಬಹಳ ತಡವಾಗಿ ಬಂದದ್ದು ಗ್ರೀಸ್ ದೇಶ. ವಲಸಿಗರಿಗೆ ಅಲ್ಲೇ ಹುಟ್ಟಿದ ಮಕ್ಕಳಿಗೆ ಪೌರತ್ವ ಕೊಡಲು 2010ರಲ್ಲಿ ಮಾಡಿದ್ದ ಕಾನೂನನ್ನು 2013ರ ಆರಂಭದಲ್ಲಿ, ಜೋಗ್ರಾಫುವಿನ ಬೆಂಚುಗಳು ಅಮೆರಿಕದ ಸ್ಕೌಟ್‌ಗಳಿಂದ ತುಂಬಿದ್ದ ಹೊತ್ತಿನಲ್ಲೇ, ಅಲ್ಲಿನ ಪರಮೋಚ್ಚ ಆಡಳಿತ ನ್ಯಾಯಾಲಯ ಸಂವಿಧಾನಬಾಹಿರ ಎಂದಿತ್ತು. ಗ್ರೀಕ್ ಶಾಲೆಯಲ್ಲಿ ಓದಿದ ಅಂಥ ಮಕ್ಕಳು ಪೌರತ್ವಕ್ಕೆ ಅರ್ಜಿ ಹಾಕಬಹುದು ಎಂಬ ಹೊಸ ಕಾನೂನು ಸಂಸತ್ತಿನಲ್ಲಿ ಅಂಗೀಕಾರವಾದದ್ದು 2015ರ ಜುಲೈಯಲ್ಲಿ. ಅಷ್ಟರಲ್ಲಿ ಯಾನಿಸ್ ಮಿಲ್ವಾಕೀಯಲ್ಲಿ ಎರಡು ಋತು ಮುಗಿಸಿದ್ದ.